ಮೂವರಿಗೆ ಎರಡು ಹೆಸರು: ಸ್ಟೋಕ್ ಪೋಜಸ್‌ನ ಒಂದು ಕುಟುಂಬ ಗೋರಿ

ಲಂಡನ್ನಿನ ಪಶ್ಚಿಮಕ್ಕೆ, ಸ್ಲೌ ಪಟ್ಟಣದ ಮಗ್ಗುಲಲ್ಲಿ, ಬಕಿಂಗ್‌ಹ್ಯಾಮ್‌ಶೈರ್‌ಗೆ ಸೇರಿದ ಸ್ಟೋಕ್ ಪೋಜಸ್ ಎಂಬ ಹಳ್ಳಿ ಇದೆ. ಅಲ್ಲಿನ ಸೇಂಟ್ ಜೈಲ್ಸ್ ಚರ್ಚಿಗೆ ಬರುವವರಲ್ಲಿ ಹೆಚ್ಚಿನವರು ಕವಿ ಥಾಮಸ್ ಗ್ರೇಯ ಗೋರಿಯನ್ನು ಹುಡುಕಿಕೊಂಡು ಬಂದವರು. ಹಳೆಯ ತಲೆಮಾರಿನಲ್ಲಿ ಇಂಗ್ಲಿಷ್ ಸಾಹಿತ್ಯ ಓದಿದ ನಮ್ಮವರಿಗೂ ಈ ಹೆಸರು ಹೊಸದಲ್ಲ. ಹಳ್ಳಿಯ ಚರ್ಚಿನ ಅಂಗಳದಲ್ಲಿ ಸಂಜೆ ಹೊತ್ತು ಕುಳಿತು, ಹೆಸರಿಲ್ಲದೆ ಸತ್ತ ರೈತರನ್ನು ನೆನೆಯುವ ಅವನ ‘ಎಲಿಜಿ’ ಎಂಬ ಶೋಕಗೀತೆ ಎಷ್ಟೋ ಕಾಲೇಜುಗಳಲ್ಲಿ ಪಾಠವಾಗಿತ್ತು. ಬಂದವರಿಗೆ ಚರ್ಚಿನ ಪೂರ್ವ ಗೋಡೆಯ ಹೊರಗೆ, ಹೇಸ್ಟಿಂಗ್ಸ್ ಚಾಪೆಲ್ ಎಂಬ ಕೆಂಪಿಟ್ಟಿಗೆಯ ಭಾಗದ ಕಿಟಕಿಯ ಎದುರಿಗೆ, ಇಟ್ಟಿಗೆಯ ಪಕ್ಕಗೋಡೆಗಳ ಮೇಲೆ ಕಲ್ಲಿನ ಚಪ್ಪಡಿ ಹೊದಿಸಿದ ಗೋರಿ ಕಾಣುತ್ತದೆ. ಚಪ್ಪಡಿಯ ಮೇಲೆ ಎರಡು ಹೆಸರುಗಳಿವೆ. ಎರಡೂ ಹೆಂಗಸರವು. ಗ್ರೇಯ ಹೆಸರು ಅಲ್ಲಿಲ್ಲ.

ಗೋರಿಯೊಳಗೆ ಅವನು ಇರುವುದಂತೂ ನಿಜ. 1771ರ ಆಗಸ್ಟ್ 6ರಂದು ಅಲ್ಲೇ ಅವನನ್ನು ಹೂಳಿದರು. ಮೂವರಿರುವ ಗೋರಿಯಲ್ಲಿ ಎರಡೇ ಹೆಸರು ಏಕೆ, ಮೂರನೆಯದನ್ನು ಸೇರಿಸಲು ಹೊರಟವರು ಏನೇನು ಮಾಡಿದರು ಎಂಬುದು ಈ ಪ್ರಕರಣ. ಇದನ್ನು ‘ಕವಿಯ ವಿನಯ’ ಎಂಬ ಒಂದೇ ಮಾತಿನಲ್ಲಿ ಮುಗಿಸಿಬಿಡುವುದು ವಾಡಿಕೆ. ನನಗೆ ಅದು ಸಾಲದು ಅನಿಸುತ್ತದೆ. ಇದು ಕವಿಯ ಗೋರಿ ಎಂದುಕೊಂಡು ಹೊರಟಾಗ ಮಾತ್ರ ಅವನ ಹೆಸರಿಲ್ಲದಿರುವುದು ಕೊರತೆಯಾಗಿ ಕಾಣುತ್ತದೆ. ಕಟ್ಟಿಸಿದವರು ಯಾರು, ಯಾರಿಗಾಗಿ ಕಟ್ಟಿಸಿದರು ಎಂದು ಕೇಳಿದರೆ ಕತೆ ಬೇರೆಯೇ ದಾರಿ ಹಿಡಿಯುತ್ತದೆ.

ಇಂಗ್ಲೆಂಡಿನ ಹಳ್ಳಿ ಚರ್ಚುಗಳ ಅಂಗಳದಲ್ಲಿ ಇಂಥ ಪೆಟ್ಟಿಗೆಯಾಕಾರದ ಗೋರಿಗಳು ಸಾಮಾನ್ಯ. ನೋಡಿದವರು ಹೆಣ ಆ ಪೆಟ್ಟಿಗೆಯೊಳಗೇ ಇದೆ ಎಂದುಕೊಳ್ಳುತ್ತಾರೆ. ಹಾಗಲ್ಲ, ಮೇಲಿನ ಪೆಟ್ಟಿಗೆ ಟೊಳ್ಳು, ಶವವಿರುವುದು ನೆಲದ ಕೆಳಗೆ. ಸ್ವಲ್ಪ ಅನುಕೂಲವಿದ್ದ ಮನೆಯವರು ನೆಲದಡಿ ಇಟ್ಟಿಗೆಯ ಸಣ್ಣ ಕೋಣೆ ಕಟ್ಟಿಸಿ, ಒಬ್ಬರ ನಂತರ ಒಬ್ಬರನ್ನು ಅಲ್ಲಿಗೆ ಇಳಿಸುತ್ತಿದ್ದರು. ಸ್ಟೋಕ್ ಪೋಜಸ್‌ನ ಈ ನೆಲಗೋಣೆಯನ್ನು ಕಟ್ಟಿಸಿದವರು ಯಾರೆಂದು ಗ್ರೇಯ ಉಯಿಲೇ ಹೇಳುತ್ತದೆ: ಅವನ ತಾಯಿ. ಅದನ್ನು ಕಟ್ಟಿದ್ದು ಗಂಡನಿಗಾಗಿ ಅಲ್ಲ. 1749ರ ನವೆಂಬರ್ 5ರಂದು, 66ರ ವಯಸ್ಸಿನಲ್ಲಿ, ಮದುವೆಯಾಗದೆ ತೀರಿಕೊಂಡ ಮೇರಿ ಆಂಟ್ರೊಬಸ್ ಎಂಬಾಕೆ ಅದರೊಳಗೆ ಮೊದಲು ಇಳಿದವಳು. ಆಕೆ ತಾಯಿಯ ಅಕ್ಕ, ಗ್ರೇಗೆ ದೊಡ್ಡಮ್ಮ. ಗೋರಿಯ ಮೇಲಿನ ಮೊದಲ ಹೆಸರು ಆಕೆಯದು.

ಎರಡನೆಯ ಹೆಸರು ತಾಯಿ ಡೊರೊತಿ ಗ್ರೇಯದು. ಆ ಸಾಲುಗಳನ್ನು ಬರೆದವನು ಮಗ. ಕನ್ನಡದಲ್ಲಿ ಹೆಚ್ಚುಕಡಿಮೆ ಹೀಗಾಗುತ್ತದೆ: ತನ್ನ ಗೆಳತಿಯೂ ಸೋದರಿಯೂ ಆದವಳ ಪಕ್ಕದಲ್ಲಿ ಇಲ್ಲಿ ನಿದ್ರಿಸುತ್ತಿರುವವಳು ಡೊರೊತಿ ಗ್ರೇ, ವಿಧವೆ, ಹಲವು ಮಕ್ಕಳನ್ನು ಅಕ್ಕರೆಯಿಂದ, ಎಚ್ಚರದಿಂದ ಸಾಕಿದ ತಾಯಿ, ಅವರಲ್ಲಿ ಒಬ್ಬನಿಗೆ ಮಾತ್ರ ಆಕೆಯ ನಂತರವೂ ಬದುಕಿರುವ ದುರದೃಷ್ಟ ಒದಗಿತು. 1753ರ ಮಾರ್ಚ್ 11ರಂದು ತೀರಿಕೊಂಡಳು.

ಗೋರಿ ಬರಹಗಳಲ್ಲಿ ಇದಕ್ಕಿಂತ ಉದ್ದನೆಯವು, ಅಲಂಕಾರದವು ಬೇಕಾದಷ್ಟಿವೆ. ಇದರಲ್ಲಿ ‘ಗೆಳತಿ’ ಎಂಬ ಪದ ‘ಸೋದರಿ’ಗಿಂತ ಮೊದಲು ಬಂದಿರುವುದನ್ನು ಗಮನಿಸಬೇಕು. ಹಾಗೆಯೇ, ‘ವಿಧವೆ’ ಎಂದಿದೆ, ಯಾರ ವಿಧವೆ ಎಂದಿಲ್ಲ.

ಅಂಗಡಿ ಮತ್ತು ಹಾಸಿಗೆ

ಲಂಡನ್ನಿನ ಕಾರ್ನ್‌ಹಿಲ್ ಬೀದಿಯಲ್ಲಿ ಮೇರಿ ಮತ್ತು ಡೊರೊತಿ ಸೇರಿ ಅಂಗಡಿ ನಡೆಸುತ್ತಿದ್ದರು. ಹೆಂಗಸರ ಟೋಪಿ, ಲೇಸು, ರಿಬ್ಬನ್ನುಗಳ ವ್ಯಾಪಾರ. ಡೊರೊತಿ ಕೈಹಿಡಿದ ಫಿಲಿಪ್ ಗ್ರೇ ದಸ್ತಾವೇಜು ಬರೆಯುವ, ಹಣಕಾಸಿನ ವ್ಯವಹಾರ ನೋಡುವ ಕಸುಬಿನವನು. ಮದುವೆಗೆ ಮುಂಚೆಯೇ ಒಂದು ಕರಾರುಪತ್ರವಾಯಿತು. ವ್ಯಾಪಾರದಲ್ಲಿ ಡೊರೊತಿಯ ಪಾಲಿನ ಬಂಡವಾಳ 240 ಪೌಂಡ್. ಅದನ್ನು ಅಕ್ಕ ಮೇರಿಯೇ ವ್ಯಾಪಾರದಲ್ಲಿ ತೊಡಗಿಸಬೇಕು, ಬರುವ ಲಾಭ ಡೊರೊತಿಗೇ ಸೇರಬೇಕು. ಮದುವೆಯಾದ ಹೆಂಗಸಿನ ಆಸ್ತಿಯೆಲ್ಲ ಕಾನೂನಿನ ಕಣ್ಣಲ್ಲಿ ಗಂಡನದ್ದೇ ಆಗುತ್ತಿದ್ದ ಕಾಲದಲ್ಲಿ ಆಂಟ್ರೊಬಸ್ ಮನೆಯವರು ಇಷ್ಟು ಮುಂದಾಲೋಚನೆ ಮಾಡಿದ್ದರು. ಅದು ಬೇಕಾಗಿಯೂ ಬಂತು.

ಹುಟ್ಟಿದ 12 ಮಕ್ಕಳಲ್ಲಿ ಉಳಿದವನು 1716ರ ಡಿಸೆಂಬರ್ 26ರಂದು ಹುಟ್ಟಿದ ಥಾಮಸ್ ಒಬ್ಬನೇ. ಅವನೂ ಮಗುವಾಗಿದ್ದಾಗ ಮೂರ್ಛೆ ಬಂದು ಸಾಯುವಂತಾಗಿದ್ದ, ತಾಯಿಯೇ ಕೈಯಾರೆ ನರ ಕೊಯ್ದು ರಕ್ತ ಹರಿಸಿ ಬದುಕಿಸಿದಳು ಎಂಬ ಕತೆಯಿದೆ. ವೈದ್ಯರು ಒಪ್ಪಲಿ ಬಿಡಲಿ, ಆ ಮನೆಯಲ್ಲಿ ಯಾರು ಯಾರನ್ನು ನೆಚ್ಚಿದ್ದರು ಎಂಬುದಕ್ಕೆ ಆ ಕತೆ ಸಾಕ್ಷಿ.

1736ರ ಫೆಬ್ರವರಿಯಲ್ಲಿ ಡೊರೊತಿಯ ಪರವಾಗಿ ಜಾನ್ ಆಡ್ಲಿ ಎಂಬ ವಕೀಲನ ಮುಂದೆ ಒಂದು ವಿವರಪತ್ರ ಹೋಯಿತು. ಆಗ ಮದುವೆಯ ತಕರಾರುಗಳೆಲ್ಲ ಚರ್ಚಿನ ನ್ಯಾಯಾಲಯಕ್ಕೆ ಸೇರಿದವು, ಆಡ್ಲಿ ಆ ಕಾನೂನು ಬಲ್ಲವನು. ಅದೃಷ್ಟಕ್ಕೆ ಈ ಪತ್ರ ಉಳಿದುಕೊಂಡಿದೆ. ಈ ಗೋರಿಯ ಬಗ್ಗೆ ತಿಳಿಯಬೇಕಾದವರು ಎಲಿಜಿಗಿಂತ ಮೊದಲು ಇದನ್ನು ಓದಬೇಕು ಎಂದು ನನ್ನ ಹಟ.

ಪತ್ರದ ಸಾರ ಇದು. ಸುಮಾರು 30 ವರ್ಷದಿಂದ ಆಕೆ ಅಕ್ಕನ ಜೊತೆ ವ್ಯಾಪಾರ ಮಾಡಿಕೊಂಡು ಬಂದಿದ್ದಾಳೆ. ಗಂಡನಿಗೆ ಹೊರೆಯಾಗಿಲ್ಲ. ತನ್ನ ಬಟ್ಟೆಬರೆ ತಾನೇ ನೋಡಿಕೊಂಡಿದ್ದಾಳೆ. ಅಂಗಡಿಗೆಂದು ಸ್ವಂತ ಗಂಡನಿಗೇ ವರ್ಷಕ್ಕೆ 40 ಪೌಂಡ್ ಕೊಟ್ಟಿದ್ದಾಳೆ. ಮಗ ಈಟನ್ ಶಾಲೆಯಲ್ಲಿದ್ದಾಗಲೂ, ಈಗ ಕೇಂಬ್ರಿಜ್‌ನ ಪೀಟರ್‌ಹೌಸ್ ಕಾಲೇಜಿನಲ್ಲಿರುವಾಗಲೂ ಅವನ ಖರ್ಚನ್ನು ಹೆಚ್ಚುಕಡಿಮೆ ಪೂರ್ತಿ ಹೊತ್ತವಳು ಆಕೆಯೇ. ಗಂಡನಾದರೋ ಹೊಡೆಯುತ್ತಾನೆ, ಒದೆಯುತ್ತಾನೆ, ಗುದ್ದುತ್ತಾನೆ, ಬಾಯಿಗೆ ಬಂದಂತೆ ಬಯ್ಯುತ್ತಾನೆ. ಜೀವಭಯದಿಂದ ಕಳೆದ ಒಂದು ವರ್ಷದಿಂದ ಆಕೆ ಗಂಡನ ಹಾಸಿಗೆ ಬಿಟ್ಟು ಅಕ್ಕನ ಪಕ್ಕದಲ್ಲಿ ಮಲಗುತ್ತಿದ್ದಾಳೆ. ಈಗ ಅವನು ಅಂಗಡಿ ಖಾಲಿಮಾಡುವಂತೆ ಅಕ್ಕನಿಗೆ ತಾಕೀತು ಮಾಡಿದ್ದಾನೆ. ಅಕ್ಕ ಬೇರೆ ಕಡೆ ಅಂಗಡಿ ಹಾಕಿದರೆ, ತನ್ನ ಮತ್ತು ಮಗನ ಹೊಟ್ಟೆಪಾಡಿಗಾಗಿ ತಂಗಿಯೂ ಹೋಗಲೇಬೇಕು. ಹೋದರೆ ಅವನು ಏನು ಮಾಡಬಲ್ಲ?

ಆಡ್ಲಿಯ ಉತ್ತರ ಕನಿಕರದ್ದು, ಆದರೆ ಕೈ ಖಾಲಿ. ಹೆಂಡತಿ ಮನೆ ಬಿಟ್ಟು ಹೋದರೆ ಗಂಡ ಚರ್ಚಿನ ನ್ಯಾಯಾಲಯಕ್ಕೆ ಹೋಗಿ ವಾಪಸು ಕರೆಸಿಕೊಳ್ಳಬಹುದು. ಅವನ ಜೊತೆ ಬಾಳಿದರೆ ಪ್ರಾಣಕ್ಕೆ ಅಪಾಯ ಎಂದು ರುಜುವಾತು ಮಾಡಿದರೆ ಮಾತ್ರ ಬೇರ್ಪಡೆ ಸಿಗುತ್ತದೆ. ಇದು ಬಹಳ ದುಃಖದ ಪ್ರಕರಣ, ಇಬ್ಬರಿಗೂ ಬೇಕಾದ ಯಾರಾದರೂ ಗೆಳೆಯರನ್ನು ನಡುವೆ ಕೂರಿಸಿ ಸರಿಮಾಡಿಕೊಳ್ಳುವುದು ಒಳ್ಳೆಯದು. ‘ಹೊಂದಿಕೊಂಡು ಹೋಗಮ್ಮ’ ಎಂಬ ಸಲಹೆಗೆ 18ನೆಯ ಶತಮಾನದ ಲಂಡನ್ನಿನಲ್ಲೂ ವಕೀಲರಿದ್ದರು.

ಡೊರೊತಿ ಹೊಂದಿಕೊಂಡು ಹೋದಳು. 1741ರಲ್ಲಿ ಫಿಲಿಪ್ ಸತ್ತ. ಮರುವರ್ಷ ಅಕ್ಕತಂಗಿಯರು ವ್ಯಾಪಾರ ಬಿಟ್ಟು, ಸ್ಟೋಕ್ ಪೋಜಸ್‌ನಲ್ಲಿ ವಿಧವೆಯಾಗಿದ್ದ ಇನ್ನೊಬ್ಬ ಸೋದರಿ ಆನ್ ರಾಜರ್ಸ್ ಜೊತೆ ಇರಲು ಬಂದರು. ವೆಸ್ಟ್ ಎಂಡ್ ಎಂಬ ಆ ಮನೆಯಲ್ಲಿ ಮೂವರು ಹೆಂಗಸರು. ರಜೆಗೆ ಕೇಂಬ್ರಿಜ್‌ನಿಂದ ಬರುವ ಒಬ್ಬ ಮಗ.

ಈಗ ಗೋರಿಯ ಬರಹವನ್ನು ಮತ್ತೆ ಓದಿ. ಗಂಡನ ಹಾಸಿಗೆ ಬಿಟ್ಟು ಅಕ್ಕನ ಪಕ್ಕದಲ್ಲಿ ಮಲಗಿದ್ದವಳು ಇಲ್ಲೂ ಅಕ್ಕನ ಪಕ್ಕದಲ್ಲೇ ಮಲಗಿದ್ದಾಳೆ. ಕಾರ್ನ್‌ಹಿಲ್‌ನಲ್ಲಿ ಯಾವ ನ್ಯಾಯಾಲಯವೂ ಕೊಡಲಾರದೆ ಹೋದ ಏರ್ಪಾಡನ್ನು ಆಕೆ ನೆಲದಡಿ ಇಟ್ಟಿಗೆಯಲ್ಲಿ ಕಟ್ಟಿಸಿಕೊಂಡಿದ್ದಾಳೆ. ವಕೀಲನ ಮುಂದೆ ಹೋದ ಪತ್ರದ ವಿಷಯ 19ರ ಹರೆಯದ ಮಗನಿಗೆ ಆಗ ಎಷ್ಟು ಗೊತ್ತಿತ್ತೋ, ‘ಪಕ್ಕದಲ್ಲಿ’ ಎಂಬ ಪದವನ್ನು ಕಲ್ಲಿಗೆ ಆರಿಸುವಾಗ ಅವನಿಗೆ ಆ ಮನೆಯ ರಾತ್ರಿಗಳು ಗೊತ್ತಿರಲಿಲ್ಲ ಎಂದು ನಾನು ನಂಬಲಾರೆ.

ಹೆಸರು ಬೇಡವೆಂದ ಮನುಷ್ಯ

ದೊಡ್ಡಮ್ಮ ತೀರಿಕೊಂಡ ಏಳು ತಿಂಗಳಿಗೆ, 1750ರ ಜೂನ್‌ನಲ್ಲಿ, ಗ್ರೇ ಸ್ಟೋಕ್‌ನಿಂದ ಗೆಳೆಯ ಹೊರೇಸ್ ವಾಲ್‌ಪೋಲ್‌ಗೆ ಮುಗಿದ ಎಲಿಜಿಯನ್ನು ಕಳಿಸಿದ. ಅದು ಕೈಯಿಂದ ಕೈಗೆ ಹರಿದಾಡಿ, ಒಂದು ಪತ್ರಿಕೆ ಕೇಳದೆಯೇ ಅಚ್ಚು ಹಾಕುವ ಹಂತಕ್ಕೆ ಬಂತು. ಗ್ರೇ ಗಾಬರಿಯಾಗಿ, ಬೇಗ ಪ್ರಕಾಶಕ ಡಾಡ್ಸ್‌ಲಿಯಿಂದ ಪ್ರಕಟ ಮಾಡಿಸು, ನನ್ನ ಹೆಸರು ಮಾತ್ರ ಹಾಕಿಸಬೇಡ ಎಂದು ವಾಲ್‌ಪೋಲ್‌ಗೆ ಬರೆದ. 1751ರ ಫೆಬ್ರವರಿ 15ರಂದು ಅದು ಹೆಸರಿಲ್ಲದೆಯೇ ಹೊರಬಂತು. ಎಲಿಜಿ ಮುಗಿಯುವುದೂ ಒಂದು ಗೋರಿ ಬರಹದಿಂದಲೇ. ಆ ಬರಹದ ಯುವಕನಿಗೂ ಹೆಸರಿಲ್ಲ.

ಎರಡು ವರ್ಷದ ನಂತರ, 1753ರ ಆರಂಭದಲ್ಲಿ, ರಿಚರ್ಡ್ ಬೆಂಟ್ಲಿಯ ಚಿತ್ರಗಳೊಂದಿಗೆ ಅವನ ಆರು ಕವಿತೆಗಳ ಪುಸ್ತಕ ಅಚ್ಚಾಗುತ್ತಿತ್ತು. ಮೊದಲ ಪುಟಕ್ಕೆ ಗ್ರೇಯ ಭಾವಚಿತ್ರದ ಅಚ್ಚನ್ನು ಕೆತ್ತಿಸುತ್ತಿದ್ದಾರೆಂದು ಫೆಬ್ರವರಿಯಲ್ಲಿ ಅವನ ಕಿವಿಗೆ ಬಿತ್ತು. ಮುನ್ಸೂಚನೆಯಿಲ್ಲದೆ ಅಂಥ ಪುಸ್ತಕ ಕೈಗೆ ಬಂದಿದ್ದರೆ ನನಗೆ ಪಾರ್ಶ್ವವಾಯು ಬಡಿಯುತ್ತಿತ್ತು ಎಂದು ಬರೆದು ಅದನ್ನು ನಿಲ್ಲಿಸಿಬಿಟ್ಟ. ಕೊನೆಗೆ ಪುಸ್ತಕದ ಹೆಸರಲ್ಲಿ ಮುಂದೆ ಬಂದವನು ಚಿತ್ರಕಾರ: ಬೆಂಟ್ಲಿಯ ವಿನ್ಯಾಸಗಳು, ಗ್ರೇಯ ಆರು ಕವಿತೆಗಳಿಗೆ. ಪುಸ್ತಕ ಹೊರಬಂದದ್ದು ಮಾರ್ಚ್ ಕೊನೆಯಲ್ಲಿ. ಅದಕ್ಕೆ ಸುಮಾರು ಮೂರು ವಾರ ಮೊದಲೇ ತಾಯಿ ಹೋಗಿದ್ದಳು. ಅಂದರೆ ತನ್ನ ಮುಖವನ್ನು ಪುಸ್ತಕದಿಂದ ತೆಗೆಸುವ ಗಲಾಟೆಯೂ, ತನ್ನ ಹೆಸರಿಲ್ಲದೆ ತಾಯಿಯ ಬರಹದೊಳಗೆ ಸೇರಿಕೊಳ್ಳುವ ಕೆಲಸವೂ ಒಂದರ ಬೆನ್ನಿಗೊಂದು ನಡೆದವು.

ಸೇರಿಕೊಂಡನಲ್ಲವೇ? ‘ಅವರಲ್ಲಿ ಒಬ್ಬನಿಗೆ ಮಾತ್ರ’ ಎಂಬ ಮಾತಿನಲ್ಲಿ ಅವನಿದ್ದಾನೆ. ಕೆತ್ತಿಸಿದಾಗ ಬದುಕಿದ್ದ ಆ ಒಬ್ಬ, 18 ವರ್ಷದ ನಂತರ ಅದೇ ಕಲ್ಲಿನಡಿಗೆ ಬಂದ. ಹೀಗೆ ನೋಡಿದರೆ ಕಲ್ಲಿನ ಮೇಲೆ ಮೂವರೂ ಇದ್ದಾರೆ. ಮೂರನೆಯವನು ಹೆಸರಾಗಿ ಇಲ್ಲ, ಮಗನಾಗಿ ಇದ್ದಾನೆ.

ಆ 18 ವರ್ಷಗಳ ಬಗ್ಗೆ ಒಂದೆರಡು ಸಂಗತಿ. 1757ರಲ್ಲಿ ಆಸ್ಥಾನಕವಿಯ ಪದವಿ ಮನೆಬಾಗಿಲಿಗೆ ಬಂದರೆ ಬೇಡವೆಂದ. ತಾಯಿ ಸತ್ತು 13 ವರ್ಷವಾದ ಮೇಲೆ, 1766ರಲ್ಲಿ, ತನ್ನ ತಾಯಿಯ ಆರೋಗ್ಯದ ಚಿಂತೆಯಲ್ಲಿದ್ದ ಕಿರಿಯ ಗೆಳೆಯ ನಾರ್ಟನ್ ನಿಕೋಲ್ಸ್‌ಗೆ ಬರೆದ: ಇಡೀ ಬದುಕಿನಲ್ಲಿ ಒಬ್ಬಳೇ ತಾಯಿ ಸಿಗುತ್ತಾಳೆ ಎಂಬ, ಹೆಚ್ಚು ಜನಕ್ಕೆ ಗೊತ್ತಿಲ್ಲದ ವಿಷಯವನ್ನು ನಾನು ತಡವಾಗಿ ಕಂಡುಕೊಂಡೆ. ಗ್ರೇ ಸತ್ತಾಗ ಅವನ ಕೋಣೆಯಲ್ಲಿ ಒಂದು ಪೆಟ್ಟಿಗೆಯಿತ್ತು, ಅದರಲ್ಲಿ ತಾಯಿಯ ಗೌನುಗಳು, ಉಡುಪುಗಳು ಆಕೆ ಬಿಟ್ಟು ಹೋದ ಹಾಗೆಯೇ ಇದ್ದವು ಎಂದು ದಾಖಲಿಸಿದವನೂ ನಿಕೋಲ್ಸ್‌ನೇ. ಅದನ್ನು ತೆರೆದು ನೆಂಟರಿಗೆ ಹಂಚುವ ಧೈರ್ಯ ಗ್ರೇಗೆ ಎಂದೂ ಬರಲಿಲ್ಲ.

1771ರ ಜುಲೈ 30ರಂದು ಕೇಂಬ್ರಿಜ್‌ನ ಪೆಂಬ್ರೋಕ್ ಕಾಲೇಜಿನಲ್ಲಿ, 54ರ ವಯಸ್ಸಿಗೆ ಅವನ ಕಾಲ ಮುಗಿಯಿತು. ಉಯಿಲಿನ ಮೊದಲ ಮಾತೇ ಹೆಣದ ಬಗ್ಗೆ: ಸ್ಟೋಕ್ ಪೋಜಸ್ ಚರ್ಚಿನ ಅಂಗಳದಲ್ಲಿ ನನ್ನ ತಾಯಿ ಕಟ್ಟಿಸಿದ ನೆಲಗೋಣೆಯಲ್ಲಿ, ಆಕೆಯ ಹತ್ತಿರ ಇಡಿ, ಪೆಟ್ಟಿಗೆ ಹದಗೊಂಡ ಓಕ್ ಮರದ್ದಾಗಿರಲಿ, ಒಳಗೆ ಅಸ್ತರಿ ಬೇಡ, ಮೇಲೆ ಹೊದಿಕೆ ಬೇಡ. ಆಗಿನ ಅನುಕೂಲಸ್ಥರು ಶವಪೆಟ್ಟಿಗೆಗೆ ಮಖಮಲ್ಲು ಬಡಿಸಿ ಹಿತ್ತಾಳೆ ಮೊಳೆಗಳ ಸಾಲು ಹೊಡೆಸುತ್ತಿದ್ದರು. ಇವನಿಗೆ ಬರಿಯ ಮರ ಸಾಕಾಯಿತು. ತೀರಾ ತೊಂದರೆಯಾಗದಿದ್ದರೆ ಉಯಿಲು ನಡೆಸುವವರಲ್ಲಿ ಒಬ್ಬರು ಹೂಳುವಾಗ ಎದುರಿಗಿರಲಿ, ಆ ಊರಿನ ದುಡಿದು ತಿನ್ನುವ ಪ್ರಾಮಾಣಿಕ ಬಡವರಿಗೆ 10 ಪೌಂಡ್ ಹಂಚಲಿ. ಉಯಿಲು ನಡೆಸುವವರಲ್ಲೊಬ್ಬನಾದ ಜೇಮ್ಸ್ ಬ್ರೌನ್ ಹೋಗಿ ಎದುರಿಗೆ ನಿಂತ. ಮರ ಯಾವುದೆಂದು ಬರೆದ ಮನುಷ್ಯ ಕಲ್ಲಿನ ಮೇಲೆ ಏನು ಕೆತ್ತಬೇಕೆಂದು ಒಂದಕ್ಷರ ಬರೆಯಲಿಲ್ಲ. ಯಾರೂ ಕೆತ್ತಿಸಲೂ ಇಲ್ಲ.

ತಿದ್ದುಪಡಿಗಳು

ಆದರೆ ಕೀರ್ತಿವಂತನೊಬ್ಬ ಹೆಸರಿಲ್ಲದೆ ಮಲಗುವುದನ್ನು ಲೋಕ ಸಹಿಸುವುದಿಲ್ಲ. ಮೊದಲ ತಿದ್ದುಪಡಿ ಬೇರೆ ಊರಿನಲ್ಲಿ ಆಯಿತು: 1778ರಲ್ಲಿ ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಅಬ್ಬೆಯ ಕವಿಗಳ ಮೂಲೆಯಲ್ಲಿ ಜಾನ್ ಬೇಕನ್ ಕೆತ್ತಿದ ಸ್ಮಾರಕ. ಕಾವ್ಯದೇವತೆ ಗ್ರೇಯ ಮುಖದ ಬಿಲ್ಲೆ ಹಿಡಿದುಕೊಂಡು, ಮೇಲಿರುವ ಮಿಲ್ಟನ್ನನ ಸ್ಮಾರಕದ ಕಡೆ ಬೆರಳು ತೋರಿಸುತ್ತಾಳೆ. ಪುಸ್ತಕದಿಂದ ಮುಖ ತೆಗೆಸಿದವನಿಗೆ ಸತ್ತ ಮೇಲೆ ಅಮೃತಶಿಲೆಯಲ್ಲಿ ಮುಖ ಸಿಕ್ಕಿತು.

ಸ್ಟೋಕ್ ಪೋಜಸ್‌ನಲ್ಲಿ ಕೈಹಾಕಿದವನು ಜಾನ್ ಪೆನ್. ಪೆನ್ಸಿಲ್ವೇನಿಯ ಕಟ್ಟಿದ ವಿಲಿಯಂ ಪೆನ್‌ನ ಮೊಮ್ಮಗ. ಅಮೆರಿಕದ ಕ್ರಾಂತಿಯಲ್ಲಿ ಆ ಮನೆತನ ತನ್ನ ಒಡೆತನ ಕಳೆದುಕೊಂಡು, ಪೆನ್ಸಿಲ್ವೇನಿಯದಿಂದ 1,30,000 ಪೌಂಡ್ ಪರಿಹಾರ ಪಡೆಯಿತು. ಚರ್ಚಿನ ಪಕ್ಕದ ಸ್ಟೋಕ್ ಪಾರ್ಕ್ ಜಮೀನು ಅವನದು. ಅಲ್ಲಿ ಹೊಸ ಮಹಲು ಎಬ್ಬಿಸಿ, ಸುತ್ತಲಿನ ನೋಟ ತಿದ್ದಿಸುತ್ತಿದ್ದ. ಆ ನೋಟಕ್ಕೆ ಒಬ್ಬ ಕವಿ ಬೇಕಿದ್ದ. ಸಿದ್ಧವಾಗಿ ಒಬ್ಬ ಪಕ್ಕದಲ್ಲೇ ಇದ್ದ. 1799ರಲ್ಲಿ ವಾಸ್ತುಶಿಲ್ಪಿ ಜೇಮ್ಸ್ ವಯಟ್‌ನಿಂದ ವಿನ್ಯಾಸ ಮಾಡಿಸಿ, ಚರ್ಚಿನಂಗಳದ ಆಚೆಯ ಹೊಲದಲ್ಲಿ ದೊಡ್ಡ ಚೌಕ ಪೀಠದ ಮೇಲೆ ಕಲ್ಲಿನ ಶವಪೆಟ್ಟಿಗೆಯ ಆಕಾರವನ್ನು ಕೂರಿಸಿದ. ಒಳಗೆ ಯಾರೂ ಇಲ್ಲ. ಸುತ್ತ ಗ್ರೇಯ ಪದ್ಯದ ಸಾಲುಗಳು, ಜೊತೆಗೆ ಒಂದು ವಿವರಣೆ: ಈ ಕವಿ ಪಕ್ಕದ ಅಂಗಳದಲ್ಲಿ, ದೊಡ್ಡಮ್ಮ ಮತ್ತು ತಾಯಿಯನ್ನು ಹೂಳಿದ್ದನ್ನು ತಾನೇ ದಾಖಲಿಸಿದ ಕಲ್ಲಿನಡಿ, ಯಾರ ಗಮನಕ್ಕೂ ಬಾರದೆ ಮಲಗಿದ್ದಾನೆ. ಗಮನಕ್ಕೆ ಬಾರದಿರುವುದನ್ನು ಅಷ್ಟು ಎತ್ತರದಲ್ಲಿ ಕೆತ್ತಿಸುವುದಕ್ಕೆ ಒಂದು ಬಗೆಯ ಮುಗ್ಧತೆ ಬೇಕು.

ಅದೇ ಪೆನ್ ಇನ್ನೊಂದು ಕೆಲಸವನ್ನೂ ಮಾಡಿದ. ಇದಕ್ಕಾಗಿ ನಾನು ಅವನನ್ನು ಮನ್ನಿಸುತ್ತೇನೆ. ಗೋರಿಯ ಎದುರಿನ ಚರ್ಚ್ ಗೋಡೆಗೆ ಸಣ್ಣ ಫಲಕ ಹಾಕಿಸಿದ: ಈ ಕಲ್ಲಿಗೆ ಎದುರಾಗಿ, ಪ್ರೀತಿಯ ತಾಯಿಯನ್ನು ಕಳೆದುಕೊಂಡ ದುಃಖವನ್ನು ಅಷ್ಟು ಮನಮುಟ್ಟುವಂತೆ ಬರೆದ ಅದೇ ಗೋರಿಯಲ್ಲಿ, ಥಾಮಸ್ ಗ್ರೇಯನ್ನು ಇಡಲಾಗಿದೆ. ಹಣ, ಅಧಿಕಾರ, ಕಲ್ಕುಟಿಗರು ಎಲ್ಲ ಇದ್ದೂ ಅವನು ಅಕ್ಕತಂಗಿಯರ ಚಪ್ಪಡಿಯ ಮೇಲೆ ಉಳಿ ಇಡಲಿಲ್ಲ. ಹೆಸರು ಬೇಕೆನ್ನುವವರು ಗೋಡೆ ನೋಡಲಿ, ಗೋರಿ ಇದ್ದ ಹಾಗೆ ಇರಲಿ. ಇಡೀ ಪ್ರಕರಣದಲ್ಲಿ ನಡೆದ ಒಳ್ಳೆಯ ಸಂರಕ್ಷಣಾ ಕೆಲಸ ಅದೇ. ಆ ಪದ ಬಳಕೆಗೆ ಬರುವ ಎಷ್ಟೋ ಮುಂಚೆ.

ಇಂದು ಯಾರಾದರೂ ಮೂರನೆಯ ಹೆಸರು ಕೆತ್ತಿಸಬೇಕೆಂದರೆ ಸುಲಭವಲ್ಲ. ಚರ್ಚ್ ಆಫ್ ಇಂಗ್ಲೆಂಡಿನ ಅಂಗಳದಲ್ಲಿ ನೆಲ ಒಬ್ಬರದು, ಕಲ್ಲು ಇನ್ನೊಬ್ಬರದು. ನಿಲ್ಲಿಸಿದವರು ಇರುವತನಕ ಗೋರಿಕಲ್ಲು ಅವರ ಸೊತ್ತು, ಆಮೇಲೆ ಅದು ಯಾರ ನೆನಪಿನದೋ ಅವರ ವಾರಸುದಾರರದು. ಗ್ರೇಗೆ ಮದುವೆಯಿಲ್ಲ, ಮಕ್ಕಳಿಲ್ಲ. ಎರಡೂವರೆ ಶತಮಾನದ ನಂತರ ವಾರಸುದಾರರನ್ನು ಹುಡುಕುವ ಕಷ್ಟ ಊಹಿಸಬಹುದು. ಅವರು ಸಿಕ್ಕರೂ ಸಿಗದಿದ್ದರೂ, ಒಂದು ಅಕ್ಷರ ಸೇರಿಸಲು ಆ ಪ್ರಾಂತ್ಯದ ಬಿಷಪ್ಪರ ನ್ಯಾಯಾಲಯದಿಂದ ‘ಫ್ಯಾಕಲ್ಟಿ’ ಎಂಬ ಅಪ್ಪಣೆ ಬೇಕು. ಮದುವೆಯ ವ್ಯಾಜ್ಯಗಳು 1857ರ ಕಾಯ್ದೆಯಿಂದ ಚರ್ಚಿನ ನ್ಯಾಯಾಲಯಗಳ ಕೈತಪ್ಪಿದವು, ಗೋರಿಗಳು ಮಾತ್ರ ಉಳಿದವು. ಡೊರೊತಿಯನ್ನು ಗಂಡನ ಮನೆಗೆ ಎಳೆತರಬಹುದಾಗಿದ್ದ ನ್ಯಾಯವ್ಯವಸ್ಥೆಯೇ ಈಗ ಆಕೆಯ ಕಲ್ಲಿಗೆ ಕಾವಲು.

ಅಂದಹಾಗೆ, ಎಲಿಜಿಯ ಅಂಗಳ ಇದಲ್ಲ, ಬಳ್ಳಿ ಹಬ್ಬಿದ ಗೋಪುರ ನಮ್ಮದು ಎಂದು ಸ್ಲೌ ಕಡೆಯ ಅಪ್ಟನ್ ಊರಿನವರು ಹಿಂದಿನಿಂದಲೂ ವಾದಿಸುತ್ತಾರೆ. ವಾದಿಸಲಿ. ಪದ್ಯಕ್ಕೆ ಹಲವು ಅಂಗಳಗಳಿರಬಹುದು, ಗೋರಿಗೆ ಒಂದೇ. 1930ರ ದಶಕದಲ್ಲಿ ಈ ಚರ್ಚಿನ ಸುತ್ತ ಮನೆಗಳು ಏಳುವ ಭಯ ಬಂದಾಗ ನೋಯೆಲ್ ಮಾಬ್ಸ್ ಎಂಬ ಉದ್ಯಮಿ ಪಕ್ಕದ ನೆಲವನ್ನು ಸ್ಮಾರಕ ಉದ್ಯಾನವಾಗಿಸಿದ. ದಹನದ ನಂತರದ ಬೂದಿಗೆ ಮಾತ್ರ ಅಲ್ಲಿ ಜಾಗ. ಸ್ಮಶಾನದ ಹಾಗೆ ಕಾಣಬಾರದೆಂದು ಎದ್ದುನಿಲ್ಲುವ ಗೋರಿಕಲ್ಲುಗಳನ್ನು ದೂರವಿಟ್ಟರು.

ಉಯಿಲಿನ ಇನ್ನೊಂದು ಕಲಮು ಉಳಿದಿದೆ. ಕಾರ್ನ್‌ಹಿಲ್‌ನ ಆ ಮನೆ 1748ರ ಬೆಂಕಿಯಲ್ಲಿ ಸುಟ್ಟುಹೋಗಿತ್ತು, ಗ್ರೇ ಅದನ್ನು ಮತ್ತೆ ಕಟ್ಟಿಸಿದ್ದ. ಅವನು ಉಯಿಲು ಬರೆಯುವಾಗ ಅದರಿಂದ ವರ್ಷಕ್ಕೆ 65 ಪೌಂಡ್ ಬಾಡಿಗೆ ಬರುತ್ತಿತ್ತು. ತಾಯಿ 40 ಪೌಂಡ್ ತೆತ್ತು ಅಂಗಡಿ ನಡೆಸಿದ್ದ, ಆಕೆಯ ಅಕ್ಕನನ್ನು ತಂದೆ ಹೊರಹಾಕಲು ಹೊರಟಿದ್ದ ಜಾಗ ಅದು. ಗ್ರೇ ಅದನ್ನು ಕೇಂಬ್ರಿಜ್‌ನಲ್ಲಿದ್ದ ತಾಯಿ ಕಡೆಯ ಸಂಬಂಧಿಯೊಬ್ಬಳಿಗೆ ಬರೆದ. ಆಕೆಗೂ ಮದುವೆಯಾಗಿರಲಿಲ್ಲ. ಹೆಸರು ಮೇರಿ ಆಂಟ್ರೊಬಸ್.